ಶಾರ್ಶೆನ್ನನ ಆರನೆಯ ಸೀಸೆ

ತೆರೆಕ್-ಸು ಊರಿನ ಶಾರ್ಶೆನ್ನನಿಗೆ ಕುದುರೆ ಕಂಡರೆ ಭಯ. ಈ ಮಾತನ್ನು ಕಿರ್ಗಿಜ್ ಜನರ ನಡುವೆ ಜೋರಾಗಿ ಹೇಳುವ ಹಾಗಿಲ್ಲ. ಕಳ್ಳ ಅನ್ನಬಹುದು, ಕುಡುಕ ಅನ್ನಬಹುದು, ಅವಕ್ಕೆಲ್ಲ ಮದ್ದಿದೆ. ಮೂಗು ಒರೆಸಿಕೊಳ್ಳುವುದನ್ನು ಕಲಿಯುವ ಮೊದಲೇ ಕುದುರೆ ಮೇಲೆ ಕೂರುವುದನ್ನು ಕಲಿಯುವ ಊರಿನಲ್ಲಿ ನಲವತ್ತೆಂಟು ವರ್ಷದ ಗಂಡಸು ಕುದುರೆಯ ಉಸಿರು ತಾಗಿದರೆ ಹಿಂದಕ್ಕೆ ಜಿಗಿಯುತ್ತಾನೆ ಅಂದರೆ ಅದಕ್ಕೆ ಮದ್ದಿಲ್ಲ.

ಒಂಬತ್ತನೆಯ ವಯಸ್ಸಿನಲ್ಲಿ, ದೂರದ ಊರಿನ ಮಾವನ ಮದುವೆ ದಿಬ್ಬಣದಲ್ಲಿ ಗಂಡು ಕುದುರೆಯೊಂದು ಅವನನ್ನು ಕೆಡವಿ, ಸವಾರ ಪಾದ ಇಡುವ ರಿಕಾಪಿಗೆ ಸಿಕ್ಕಿದ ಕಾಲಿನ ಸಮೇತ ಅರ್ಧ ಫರ್ಲಾಂಗು ಎಳೆದಿತ್ತು. ಅಂದಿನಿಂದ ಅವನು ಕುದುರೆ ಹತ್ತಿರಲಿಲ್ಲ. ಅದಕ್ಕೆ ಕಾರಣ ಭಯ ಅಂತ ಗೊತ್ತಿದ್ದದ್ದು ಹೆಂಡತಿ ಬುರುಲ್‌ಗೆ ಮಾತ್ರ. ಉಳಿದವರಿಗೆ ಗೊತ್ತಾಗದಿರಲೆಂದೇ ಅವನು ಮೀರಾಬ್ ಆಗಿದ್ದ. ಮೀರಾಬ್ ಅಂದರೆ ಊರ ಕಾಲುವೆಯ ತೂಬು ಎತ್ತಿ, ಪ್ರತಿ ತೋಟಕ್ಕೂ ಸರದಿಯ ಪ್ರಕಾರ ನೀರು ಬಿಡುವವನು. ಅವನು ಬೇಸಿಗೆ ಪೂರ್ತಿ ಊರಲ್ಲೇ ಇರಬೇಕು. ಉಳಿದವರು ಕುರಿ ಹೊಡೆದುಕೊಂಡು ಬೆಟ್ಟದ ಹುಲ್ಲುಗಾವಲಿಗೆ ಹೋದರೆ ಬುರುಲ್ ತನ್ನ ಅಣ್ಣಂದಿರ ಜೊತೆ ಹೋಗುತ್ತಿದ್ದಳು. ಶಾರ್ಶೆನ್ ಗುದ್ದಲಿ ಹೆಗಲಿಗೇರಿಸಿ ಕಾಲುವೆ ದಂಡೆಯಲ್ಲಿ ನಡೆಯುತ್ತಿದ್ದ. ಯಾಕೆ ಕುದುರೆ ಹತ್ತಲ್ಲ ಅಂತ ಯಾರಾದರೂ ಕೇಳಿದರೆ, ನೀರು ನಡೆದೇ ಹೋಗುತ್ತೆ, ನೀರಿನವನೂ ನಡೆದೇ ಹೋಗಬೇಕು ಅನ್ನುತ್ತಿದ್ದ. ಮೊದಮೊದಲು ಜನ ನಕ್ಕರು. ಆಮೇಲೆ ತಲೆದೂಗಿದರು. ನೆಪಕ್ಕೆ ಇಪ್ಪತ್ತು ವರ್ಷ ವಯಸ್ಸಾದರೆ ಅದು ತತ್ವವಾಗಿಬಿಡುತ್ತದೆ.

ಹೋದ ವರ್ಷ ಜುಲೈನಲ್ಲಿ, ಊರಿನ ಮದುವೆಯೊಂದಕ್ಕೆ ಎಲ್ಲರೂ ಬೆಟ್ಟದಿಂದ ಇಳಿದು ಬಂದಿದ್ದಾಗ, ರಾಜಧಾನಿಯಿಂದ ಮೀರಿಮ್ ಅನ್ನುವ ಹುಡುಗಿ ಬಂದಳು. ನೀರಿನ ಹುಳುಗಳ ಮೇಲೆ ಓದುವವಳು. ಆರು ಸೀಸೆ, ಒಂದು ಬಲೆ, ಒಂದು ಡಬ್ಬಿ ಸ್ಪಿರಿಟ್ ತಂದು ಶಾರ್ಶೆನ್ನನ ಮುಂದಿಟ್ಟಳು. ನದಿಯ ಬುಡದಿಂದ ತಲೆಯವರೆಗೆ ಆರು ಜಾಗ. ಪ್ರತಿ ಜಾಗದಲ್ಲೂ ಹರಿವಿಗೆ ಅಡ್ಡ ಬಲೆ ಹಿಡಿದು, ಮೇಲುಗಡೆಯ ಕಲ್ಲುಗಳನ್ನು ಕಾಲಿನಿಂದ ಕದಡಿ, ಬಲೆಗೆ ಬಿದ್ದ ಹುಳುಗಳನ್ನು ಸೀಸೆಗೆ ಹಾಕಬೇಕು. ಆರನೆಯ ಜಾಗ ಅಕ್-ಬುಲಾಕ್, ಹಿಮದ ಬಾಯಲ್ಲಿ ಹುಟ್ಟುವ ಬಿಳಿ ಒರತೆ. ಊರಿನಿಂದ ಕುದುರೆಯ ಮೇಲೆ ಒಂದು ಹಗಲಿನ ದಾರಿ.

ಹುಳುವನ್ನು ನೋಡಿ ಏನು ತಿಳಿಯುತ್ತೆ ಅಂತ ಅವನು ಕೇಳಿದ. ನೋಡಿ ಏನೂ ತಿಳಿಯಲ್ಲ, ಮರಿಹುಳುಗಳೆಲ್ಲ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತವೆ ಅಂದಳು ಮೀರಿಮ್. ಅಂಗಡಿಯಲ್ಲಿ ಸೋಪಿನ ಹಿಂದೆ ಕಪ್ಪು ಗೆರೆಗಳಿರುತ್ತವಲ್ಲ, ಯಂತ್ರಕ್ಕೆ ತೋರಿಸಿದರೆ ಸೋಪಿನ ಹೆಸರು ಬರುತ್ತದಲ್ಲ, ಅಂಥ ಗೆರೆ ಪ್ರತಿ ಹುಳುವಿನ ಮೈಯೊಳಗೂ ಇದೆ, ಅದಕ್ಕೆ ಡಿಎನ್‌ಎ ಅನ್ನುತ್ತಾರೆ. ಹುಳುವಿನ ಒಂದು ಕಾಲು ಕಿತ್ತು ಯಂತ್ರಕ್ಕೆ ಕೊಟ್ಟರೆ ಅದರ ಕುಲ ಯಾವುದು, ನಂಟರು ಯಾವ ನೀರಿನಲ್ಲಿದ್ದಾರೆ ಎಲ್ಲ ಹೇಳಿಬಿಡುತ್ತದೆ.

ಪಕ್ಕದಲ್ಲಿ ಕೂತಿದ್ದ ಊರ ಹಿರಿಯ ಬೇಶೆನ್ ಅಜ್ಜನಿಗೆ ಇದು ಬಹಳ ಹಿಡಿಸಿತು. ಏಳು ತಲೆಮಾರಿನ ತಂದೆಯರ ಹೆಸರು ಹೇಳಲಾರದವನನ್ನು ಗುಲಾಮ ಅನ್ನುವ ಜನ ನಾವು. ಈಗ ನೋಡಿ, ಹುಳುವೂ ಏಳು ತಂದೆಯರ ಹೆಸರು ಹೇಳುತ್ತೆ, ನಮ್ಮ ದಾರ್ಕಾನನ ಮಗ ನಾಲ್ಕಕ್ಕೇ ನಿಂತುಬಿಡ್ತಾನೆ ಅಂದರು. ಪಕ್ಕದ ಮನೆಯ ದಾರ್ಕಾನ್ ಮುಖ ಹುಳ್ಳಗೆ ಮಾಡಿಕೊಂಡು ಚಹಾ ಕುಡಿದ.

ದಾರ್ಕಾನನ ಮುಖ ಹುಳ್ಳಗಾದರೆ ಶಾರ್ಶೆನ್ನನ ಎದೆ ಉಬ್ಬುತ್ತಿತ್ತು. ಅನಾಹುತಕ್ಕೆ ಅಷ್ಟು ಸಾಕಾಯಿತು. ಈ ಬೆಟ್ಟದಲ್ಲಿ ನನಗೆ ಗೊತ್ತಿಲ್ಲದ ಒರತೆ ಇನ್ನೂ ಹುಟ್ಟಿಲ್ಲ, ಅಕ್-ಬುಲಾಕ್ ನನ್ನ ಅಂಗೈ ಇದ್ದ ಹಾಗೆ ಅಂದುಬಿಟ್ಟ. ಮೀರಿಮ್ ನಂಬಿ ಸೀಸೆ ಕೊಟ್ಟು ಹೋದಳು.

"ಅಲ್ಲಿಗೆ ಹೇಗೆ ಹೋಗ್ತೀರಿ?" ಅಂತ ಬುರುಲ್ ಕೇಳಿದಳು.

"ನೀರಿನ ವಿಷಯ ನಿನಗೆ ಗೊತ್ತಾಗಲ್ಲ," ಅಂದ ಶಾರ್ಶೆನ್.

ನೀರಿನ ವಿಷಯ ಹೀಗಿತ್ತು. ಮೊದಲ ಸೀಸೆ ಮನೆಯ ಮುಂದಿನ ಕಾಲುವೆಯಿಂದ ತುಂಬಿತು. ಎರಡನೆಯದು ಗಿರಣಿಯ ಹತ್ತಿರ, ಮೂರನೆಯದು ಬಾತುಕೋಳಿ ಹೊಂಡದ ಅಂಚಿನಲ್ಲಿ. ನಾಲ್ಕು, ಐದು ತೂಬಿನ ಆಚೆ ಈಚೆ. ಆರನೆಯದಕ್ಕೆ ಮಾತ್ರ ವಿಶೇಷವಾಗಿ ಏನಾದರೂ ಇರಲಿ ಅಂತ ಮನೆಯ ಹಿಂದಿನ ಸ್ನಾನದ ಮನೆಯ ಬಚ್ಚಲ ಕಾಲುವೆಗೆ ಬಲೆ ಹಾಕಿದ. ಅಲ್ಲಿ ಬೆಚ್ಚಗಿನ ಸೋಪಿನ ನೀರಿನಲ್ಲಿ ಸೊಳ್ಳೆಯ ದಾಯಾದಿಗಳಾದ ಕೆಂಪು ಹುಳುಗಳು ಸೊಂಪಾಗಿ ಬೆಳೆದಿದ್ದವು. ಸ್ಪಿರಿಟ್ಟಿಗೆ ಬಿದ್ದೊಡನೆ ಅವುಗಳ ಕೆಂಪು ಹೋಗಿ ಹಿಮದಲ್ಲಿ ಹುಟ್ಟಿದವರ ಹಾಗೆ ಬೆಳ್ಳಗಾದವು. ಶಾರ್ಶೆನ್ ಚೀಟಿಯ ಮೇಲೆ ಪೆನ್ಸಿಲಿನಿಂದ ಅಕ್-ಬುಲಾಕ್ ಅಂತ ಬರೆದು ಒಳಗೆ ಹಾಕಿದ. ಕೆಲಸ ಮುಗಿಯಲು ಒಂದು ಬೆಳಗು ಸಾಕಾಯಿತು. ಮಿಕ್ಕ ಮೂರು ದಿನ, ಬೆಟ್ಟಕ್ಕೆ ಹೋದವನ ಲೆಕ್ಕದಲ್ಲಿ, ತನ್ನದೇ ಮನೆಯ ಹುಲ್ಲಿನ ಅಟ್ಟದ ಮೇಲೆ ಮಲಗಿ ಸೀನಿದ.

ಏಪ್ರಿಲ್‌ನಲ್ಲಿ ಫೋನ್ ಬಂತು. ಮಾಡಿದವಳು ಮೀರಿಮ್. ಅಕ್-ಬುಲಾಕಿನ ಸೀಸೆಯಲ್ಲಿ ಬಯಲುಸೀಮೆಯ ಕೊಳಕು ನೀರಿನ ಹುಳುಗಳ ಗೆರೆ ಬಂದಿದೆ. ಹಿಮದ ಒರತೆಯಲ್ಲಿ ಇವು ಇರುವುದಕ್ಕೆ ಸಾಧ್ಯವೇ ಇಲ್ಲ. ಚೀಟಿ ಅದಲುಬದಲಾಗಿದೆಯೇನೋ ಎಂದು ಕೇಳುವುದಕ್ಕೆ ಅವಳು ಫೋನ್ ಮಾಡಿದ್ದಳು. ಪಂಚಾಯಿತಿ ಕಚೇರಿಯ ಫೋನು ಅದು. ಸುತ್ತ ಎಂಟು ಜನ ಕೂತಿದ್ದರು, ಅವರಲ್ಲಿ ದಾರ್ಕಾನ್ ಒಬ್ಬ.

"ಅಣ್ಣಾ, ಸರಿಯಾಗಿ ಯೋಚಿಸಿ ಹೇಳಿ. ಈ ಸೀಸೆ ನೀವು ಅಕ್-ಬುಲಾಕಲ್ಲೇ ತುಂಬಿದ್ದಾ?"

ಈಗಲಾದರೂ ಇಲ್ಲ ತಾಯಿ, ತಪ್ಪಾಯಿತು ಅನ್ನಬಹುದಿತ್ತು. ಬರೀ ಚೀಟಿ ಬದಲಾಯ್ತು ಅಂದಿದ್ದರೂ ಸಾಕಿತ್ತು, ಅವಳೇ ಬಾಯಿಗೆ ತುತ್ತಿಟ್ಟ ಹಾಗೆ ನೆಪ ಇಟ್ಟಿದ್ದಳು. ಆದರೆ ದಾರ್ಕಾನ್ ನೋಡುತ್ತಿದ್ದ.

"ಈ ಎರಡು ಕೈಯಿಂದ ತುಂಬಿದ್ದು," ಅಂದ ಶಾರ್ಶೆನ್. "ಅನ್ನದ ಮೇಲಾಣೆ." ಮೇಜಿನ ಮೇಲಿದ್ದ ರೊಟ್ಟಿಯನ್ನು ಮುಟ್ಟಿಯೂ ಬಿಟ್ಟ. ಕೈ ಮಾತ್ರ ಸುಳ್ಳಲ್ಲ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಮೀರಿಮ್ ಇದನ್ನು ತನ್ನ ಗುರುಗಳಿಗೆ ತಿಳಿಸಿದಳು. ಗುರುಗಳು ಲೋಕದ ಹುಳುಗಳ ಪಟ್ಟಿಗೆ ಸೇರಿಸಿದರು. ಬೆಚ್ಚನೆಯ ನೀರಿನ ಹುಳು ಸಾವಿರಾರು ಅಡಿ ಮೇಲೇರಿ ಹಿಮದ ಬಾಯಿಗೆ ಬಂದಿದೆ ಅಂತ ಸುದ್ದಿಯಾಯಿತು. ಜಿಲ್ಲೆಯ ಪತ್ರಿಕೆಯಲ್ಲಿ ಬೆರಳಗಲದ ಚಿತ್ರದಲ್ಲಿ ಶಾರ್ಶೆನ್ ಎತ್ತರದ ಬಿಳಿ ಕಲ್ಪಾಕ್ ಟೊಪ್ಪಿಗೆ ಇಟ್ಟುಕೊಂಡು ನಿಂತಿದ್ದ. ಊರಲ್ಲಿ ಔತಣವಾದರೆ ಅವನನ್ನು ಬಾಗಿಲ ಹತ್ತಿರದಿಂದ ಎಬ್ಬಿಸಿ ಮೇಲುಪಂಕ್ತಿಗೆ ಕೂರಿಸತೊಡಗಿದರು. ಕುರಿಯ ತಲೆ ಬೇಶೆನ್ ಅಜ್ಜನಿಗೆ, ಸೊಂಟದ ಮೂಳೆ ಶಾರ್ಶೆನ್ನನಿಗೆ. ಆ ಮೂಳೆ ಯಾರ ತಟ್ಟೆಗೆ ಬೀಳಬೇಕು ಅನ್ನುವುದಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟ ಊರು ಅದು. ಶಾರ್ಶೆನ್ ಅದನ್ನು ಕಚ್ಚಿದಾಗಲೆಲ್ಲ ಬಚ್ಚಲ ಸೋಪಿನ ರುಚಿ ಬರುತ್ತಿತ್ತು. ಒಲ್ಲೆ ಅಂದರೆ, ನೋಡಿ ಎಷ್ಟು ವಿನಯ ಅಂತ ಇನ್ನೊಂದು ತುಂಡು ಹಾಕುತ್ತಿದ್ದರು. ಒಂದು ತಿಂಗಳಲ್ಲಿ ಅವನು ಮೂರು ಸೇರು ದಪ್ಪಗಾದ, ಅಷ್ಟೇ ಕುಗ್ಗಿಹೋದ.

ಮೇ ಕೊನೆಯಲ್ಲಿ, ಊರೆಲ್ಲ ಕಂಬಳಿ ಗುಡಾರಗಳನ್ನು ಬಿಸಿಲಿಗೆ ಹಾಕಿ ಬೆಟ್ಟಕ್ಕೆ ಹೊರಡುವ ತಯಾರಿಯಲ್ಲಿದ್ದಾಗ, ಪರಿಸರ ಕಚೇರಿಯಿಂದ ನೋಟೀಸು ಬಂತು. ಅಕ್-ಬುಲಾಕ್ ಒರತೆ ಕೆಟ್ಟಿರುವುದಕ್ಕೆ ಹುಳುಗಳ ಸಾಕ್ಷಿ ಸಿಕ್ಕಿರುವುದರಿಂದ, ಕೆಡಿಸಿದವು ಕುರಿ-ಕುದುರೆಗಳೇ ಎಂದು ಊಹಿಸಿ, ಮೇಲಿನ ಹುಲ್ಲುಗಾವಲನ್ನು ಮೂರು ವರ್ಷ ಮುಚ್ಚಲಾಗಿದೆ.

ಅರವತ್ತನಾಲ್ಕು ಮನೆ, ಎರಡು ಸಾವಿರ ಕುರಿ. ಬೇಸಿಗೆಯಲ್ಲಿ ಊರ ಸುತ್ತ ಹುಲ್ಲಿಲ್ಲ. ಮೂರು ವರ್ಷ ಅಂದರೆ ಮಂದೆಯನ್ನು ಮಾರಿ ಊರು ಬಿಡಬೇಕು. ಪಂಚಾಯಿತಿಯಲ್ಲಿ ಮೊದಲ ಬಾರಿಗೆ ಹೆಂಗಸರೂ ಬಂದು ಕೂತರು. ಯಾರೂ ಶಾರ್ಶೆನ್ನನನ್ನು ಬಯ್ಯಲಿಲ್ಲ, ಅದೇ ಅವನಿಗೆ ಕಷ್ಟವಾಯಿತು. ಅವನೇನು ಮಾಡ್ತಾನೆ ಪಾಪ, ಕಂಡದ್ದನ್ನು ಕಂಡ ಹಾಗೆ ಹೇಳಿದ, ನಾವೇ ಒರತೆ ಕೆಡಿಸಿದ್ದೀವಿ ಅಂದರು ಬೇಶೆನ್ ಅಜ್ಜ. ಎಪ್ಪತ್ತೊಂಬತ್ತರ ಮುದುಕ, ಆ ನೀರು ಕುಡಿದೇ ಬೆಳೆದವರು, ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಅತ್ತರು. ಶಾರ್ಶೆನ್ ನೆಲ ನೋಡಿದ. ನೆಲ ಬಾಯಿ ಬಿಡಲಿಲ್ಲ. ಬೇಕಾದಾಗ ಅದು ಎಂದೂ ಬಾಯಿ ಬಿಡುವುದಿಲ್ಲ.

ಕೊನೆಗೆ ಒಂದು ತೀರ್ಮಾನವಾಯಿತು. ಪರಿಸರ ಕಚೇರಿಯ ಕುಬಾತ್ ಸಾಹೇಬರೂ ಮೀರಿಮ್‌ಳೂ ಬರಲಿ, ಎಲ್ಲರೂ ಸೇರಿ ಮೇಲಕ್ಕೆ ಹೋಗೋಣ, ಯಾವ ಕಲ್ಲಿನಡಿ ಹುಳು ಸಿಕ್ಕಿತು ಅಂತ ಶಾರ್ಶೆನ್ ತೋರಿಸಲಿ.

ಅವರು ಬಂದರು. ಬೆಳಗ್ಗೆ ಪಂಚಾಯಿತಿಯ ಮುಂದೆ ಒಂಬತ್ತು ಕುದುರೆ ಸಾಲಾಗಿ ನಿಂತವು. ಶಾರ್ಶೆನ್ನನಿಗೆ ಅಂತ ದಾರ್ಕಾನ್ ತನ್ನ ಬೂದು ಹೆಣ್ಣು ಕುದುರೆ ತಂದಿದ್ದ. ಅದಕ್ಕೆ ಇಪ್ಪತ್ತೊಂದು ವರ್ಷ. ನಿಂತಲ್ಲೇ ನಿದ್ದೆ ಮಾಡುತ್ತಿತ್ತು, ಕೆಳತುಟಿ ಜೋತುಬಿದ್ದಿತ್ತು. ಶಾರ್ಶೆನ್ನನ ಕಣ್ಣಿಗೆ ಅದು ಹುಲಿಯ ಹಾಗೆ ಕಂಡಿತು.

ಮೊದಲು ಮೊಣಕಾಲು ನೋವು ಅಂದ. ಮೊಣಕಾಲಿಗೆ ಕುದುರೆಯೇ ಒಳ್ಳೆಯದು ಅಂದರು. ಇವತ್ತು ಕೆಳಗಿನ ತೋಟಗಳ ನೀರಿನ ಸರದಿ ಅಂದ. ತೋಟದವರೆಲ್ಲ ಒಂದೇ ಬಾಯಿಯಲ್ಲಿ, ನಮ್ಮ ಸರದಿ ಬಿಟ್ಟುಕೊಟ್ಟಿದ್ದೀವಿ ಅಂದರು. ಹೆಂಡತಿಗೆ ಹುಷಾರಿಲ್ಲ ಅಂದ. ಬುರುಲ್ ಬುತ್ತಿಯ ಚೀಲ ಹಿಡಿದು ಗಟ್ಟಿಮುಟ್ಟಾಗಿ ಅಲ್ಲೇ ನಿಂತಿದ್ದಳು. ದಾರ್ಕಾನ್ ಕುದುರೆಯ ಲಗಾಮನ್ನು ಅವನ ಕೈಗಿಡಲು ಹೆಜ್ಜೆ ಮುಂದಿಟ್ಟ. ಕುದುರೆ ನಿದ್ದೆಯಲ್ಲೇ ಒಂದು ಸಲ ಪುಸ್ ಅಂದಿತು.

"ಅಲ್ಲಿಗೆ ನಾನು ಹೋಗೇ ಇಲ್ಲ," ಅಂದ ಶಾರ್ಶೆನ್.

ಯಾರಿಗೂ ಅರ್ಥವಾಗಲಿಲ್ಲ. ಅವನು ಮತ್ತೆ ಹೇಳಬೇಕಾಯಿತು. ಆರು ಸೀಸೆಯೂ ಊರಿನದ್ದೇ. ಆರನೆಯದು ತನ್ನ ಬಚ್ಚಲಿನದು. ಅಕ್-ಬುಲಾಕಿಗೆ ಏನೂ ಆಗಿಲ್ಲ, ಆಗಿದೆಯೋ ಇಲ್ಲವೋ ಅದೂ ತನಗೆ ಗೊತ್ತಿಲ್ಲ.

ಕುಬಾತ್ ಸಾಹೇಬರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಅವನನ್ನು ಮೇಲಿನಿಂದ ಕೆಳಗೆ ನೋಡಿದರು. ಮೀರಿಮ್‌ಳ ಕಿವಿ ಕೆಂಪಾಯಿತು. ಆಮೇಲೆ ಮೆಲ್ಲಗೆ, ಆ ಹುಳುಗಳು ಮೊದಲ ದಿನದಿಂದ ನಿಜ ಹೇಳುತ್ತಿದ್ದವು ಅಣ್ಣಾ, ನಾನು ಅವುಗಳನ್ನು ಬಿಟ್ಟು ನಿಮ್ಮನ್ನು ನಂಬಿದೆ ಅಂದಳು. ಬೈದಿದ್ದರೆ ಒಳ್ಳೆಯದಿತ್ತು.

ದಾರ್ಕಾನ್ ಮಾತ್ರ ಚುರುಕಾಗಿದ್ದ. "ಕೆಳಗಿನ ಹಳ್ಳಿಯೋರು ಎಷ್ಟು ದಿನದಿಂದ ನಮ್ಮ ಹುಲ್ಲುಗಾವಲ ಮೇಲೆ ಕಣ್ಣಿಟ್ಟಿದಾರೆ ಅಂತ ಎಲ್ಲರಿಗೂ ಗೊತ್ತು. ಏನು ಕೊಟ್ರು ಹೇಳು ಶಾರ್ಶೆನ್. ಕುರಿ ಕೊಟ್ರಾ, ಹಸು ಕೊಟ್ರಾ?"

ಗುಂಪು ಗುಜುಗುಜು ಅಂದಿತು. ಈ ಮಾತಿಗೆ ಆಧಾರ ಇರಲಿಲ್ಲ, ಆದರೆ ಅರ್ಥ ಇತ್ತು. ಲಂಚ ತಿಂದವನು ಅಂದರೆ ಜನಕ್ಕೆ ತಿಳಿಯುತ್ತದೆ. ಸುಮ್ಮನೆ ಯಾರು ಬಚ್ಚಲಿಗೆ ಬಲೆ ಹಾಕುತ್ತಾರೆ? ಬೇಶೆನ್ ಅಜ್ಜ ಕೋಲೂರಿ ಮುಂದೆ ಬಂದರು.

"ಊರನ್ನ ಮಾರಿದೆಯೇನೋ?"

ದ್ರೋಹಿ ಅನ್ನಿಸಿಕೊಂಡು ಊರು ಬಿಡುವುದೋ, ನಿಜ ಹೇಳಿ ಊರಲ್ಲಿರುವುದೋ? ಯಾವುದು ಹೆಚ್ಚು ನಾಚಿಕೆ ಅಂತ ಶಾರ್ಶೆನ್ ತೂಗುತ್ತ ನಿಂತ. ತಕ್ಕಡಿ ಅಲ್ಲಾಡುತ್ತಲೇ ಇತ್ತು. ಬುರುಲ್‌ಗೆ ಅಷ್ಟು ತಾಳ್ಮೆ ಇರಲಿಲ್ಲ. ಬುತ್ತಿಯ ಚೀಲವನ್ನು ನೆಲಕ್ಕೆ ಕುಕ್ಕಿದಳು.

"ಅಜ್ಜಾ, ಇವರಿಗೆ ಕುದುರೆ ಅಂದ್ರೆ ಹೆದರಿಕೆ. ಮದುವೆಯಾಗಿ ಇಪ್ಪತ್ತೆರಡು ವರ್ಷ, ಒಂದು ದಿನ ಹತ್ತಿದ್ದನ್ನ ನಾನು ನೋಡಿಲ್ಲ. ಲಂಚ ತಗೊಳ್ಳೋ ಧೈರ್ಯ ಇದ್ದಿದ್ರೆ ನಮ್ಮನೆ ಸೂರು ಯಾಕೆ ಸೋರ್ತಿತ್ತು?"

ಯಾರಾದರೂ ನಗುತ್ತಾರೆ ಅಂತ ಶಾರ್ಶೆನ್ ಕಾದ. ಯಾರೂ ನಗಲಿಲ್ಲ. ಸತ್ತವರ ಮನೆಯ ಮುಂದೆ ನಿಂತ ಹಾಗೆ ನಿಂತರು. ಒಬ್ಬಾಕೆ ತನ್ನ ಮಗುವಿನ ಕಿವಿ ಮುಚ್ಚಿದಳು. ಇದು ಸುಳ್ಳು, ಲಂಚ ಮುಚ್ಚಿಕೊಳ್ಳೋಕೆ ಕಟ್ಟಿದ ಕತೆ, ಕಿರ್ಗಿಜ್ ಗಂಡಸಿಗೆ ಇಂಥ ಕಾಯಿಲೆ ಬರೋದುಂಟಾ ಅಂದ ದಾರ್ಕಾನ್. ಕುಬಾತ್ ಸಾಹೇಬರಿಗೂ ಅನುಮಾನ. ಕಾಗದದ ಮೇಲೆ ಹೆದರಿಕೆ ಅಂತ ಬರೆದರೆ ಮೇಲಿನವರು ಒಪ್ಪಲ್ಲ, ಸಾಬೀತಾಗಬೇಕು ಅಂದರು.

ಹೀಗೆ, ಒಬ್ಬ ಮನುಷ್ಯ ತಾನು ಹೇಡಿ ಎಂದು ಊರ ಮುಂದೆ ಸಾಬೀತು ಮಾಡಿ ಮಾನ ಉಳಿಸಿಕೊಳ್ಳಬೇಕಾದ ಪ್ರಸಂಗ ಬಂತು.

ಶಾರ್ಶೆನ್ ಎಡಗಾಲನ್ನು ರಿಕಾಪಿಗೆ ಇಟ್ಟ. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಮುದಿ ಕುದುರೆ ಕಣ್ಣು ತೆರೆದು, ತನ್ನ ಹೊಟ್ಟೆಯ ಪಕ್ಕ ಯಾರು ನಡುಗುತ್ತಿದ್ದಾರೆ ಅಂತ ನೋಡಲು ಕತ್ತು ತಿರುಗಿಸಿತು. ಅಷ್ಟೇ. ಮುಂದಿನದನ್ನು ಸರಿಯಾಗಿ ಕಂಡವರು ಯಾರೂ ಇಲ್ಲ. ಧೂಳು ಇಳಿದಾಗ ಶಾರ್ಶೆನ್ನನ ಒಂದು ಬೂಟು ರಿಕಾಪಿನಲ್ಲಿತ್ತು, ಶಾರ್ಶೆನ್ ಕುಬಾತ್ ಸಾಹೇಬರ ಕೊರಳಿಗೆ ಎರಡೂ ಕೈ ಸುತ್ತಿ, ಎರಡೂ ಕಾಲು ನೆಲದಿಂದೆತ್ತಿ ಜೋತುಬಿದ್ದಿದ್ದ. ಸತ್ತು ಹನ್ನೊಂದು ವರ್ಷವಾದ ತಾಯಿಯನ್ನು ಕೂಗುತ್ತಿದ್ದ. ಕುದುರೆ ಮತ್ತೆ ನಿದ್ದೆಗೆ ಹೋಗಿತ್ತು.

"ಇದನ್ನ ನಟಿಸೋಕಾಗಲ್ಲ," ಅಂದರು ಬೇಶೆನ್ ಅಜ್ಜ.

ಲಂಚದ ಆರೋಪ ಅಲ್ಲೇ ಸತ್ತಿತು. ಅದರ ಜೊತೆಗೇ ಅವನ ಮಾನವೂ ಸತ್ತಿತು. ಎರಡನ್ನೂ ಒಂದೇ ಗುಂಡಿಯಲ್ಲಿ ಹೂಳಿದ ಹಾಗಾಯಿತು.

ಆದರೆ ಹುಲ್ಲುಗಾವಲು ತೆರೆಯಲಿಲ್ಲ. ಬಾಯಿಮಾತಿನಿಂದ ನೋಟೀಸು ರದ್ದಾಗುವುದಿಲ್ಲ, ಅಕ್-ಬುಲಾಕಿನ ನಿಜವಾದ ಸೀಸೆ ಬೇಕು ಅಂದರು ಕುಬಾತ್ ಸಾಹೇಬರು, ಅಂಗಿಯ ಕಾಲರು ಸರಿಮಾಡಿಕೊಳ್ಳುತ್ತ. ಇವತ್ತೇ ತುಂಬಿಕೊಂಡು ಬರ್ತೀನಿ ಅಂದಳು ಮೀರಿಮ್. ಸಾಹೇಬರು ಒಪ್ಪಲಿಲ್ಲ. ತಪ್ಪು ಸೀಸೆ ಕೊಟ್ಟವನೇ ಸರಿಯಾದ ಸೀಸೆ ಕೊಟ್ಟರೆ ಅದು ತಿದ್ದುಪಡಿ, ಹದಿನೈದು ದಿನದ ಕೆಲಸ. ಬೇರೆಯವರು ಕೊಟ್ಟರೆ ಹೊಸ ಅರ್ಜಿ. ಹೊಸ ಅರ್ಜಿ ಮೇಜು ದಾಟುವಷ್ಟರಲ್ಲಿ ಹಿಮ ಬೀಳುತ್ತದೆ. ಶಾರ್ಶೆನ್ ನಡೆದೇ ಹೋಗ್ತೀನಿ, ಎರಡು ದಿನವಾದರೂ ಆಗಲಿ ಅಂದ. ಜೂನ್ ತಿಂಗಳಲ್ಲಿ ಹಿಮ ಕರಗಿ ದಾರಿಗೆ ಅಡ್ಡ ಬರುವ ಹೊಳೆ ಕುದುರೆಯ ಹೊಟ್ಟೆ ಮುಟ್ಟುತ್ತದೆ. ನಡೆದವನು ಕೆಳಗಿನ ಹಳ್ಳಿಯಲ್ಲಿ ಹೆಣವಾಗಿ ಸಿಗುತ್ತಾನೆ. ಅವರಿಗೆ ಅದೊಂದು ಬಾಕಿ ಅಂದ ದಾರ್ಕಾನ್.

ಬೇಶೆನ್ ಅಜ್ಜ ಗಡ್ಡ ನೀವಿದರು. ಆಮೇಲೆ, ನಾಲ್ಕೈದು ವರ್ಷದ ಮಗುವನ್ನು ಮೊದಲ ಸಲ ಕುದುರೆಗೆ ಹತ್ತಿಸುವಾಗ ಏನು ಮಾಡ್ತೀವಿ ಅಂತ ಕೇಳಿದರು. ಎಲ್ಲರಿಗೂ ಗೊತ್ತಿತ್ತು. ಅಶಾಮಾಯ್ ಅಂತ ಕುದುರೆಯ ಬೆನ್ನಿಗೆ ಕಟ್ಟುವ ಒಂದು ಮರದ ತಡಿ ಇರುತ್ತದೆ, ಹಿಂದೆ ಮುಂದೆ ಅಡ್ಡಕೋಲು ಕಟ್ಟಿದ್ದು. ಮಗುವನ್ನು ಅದರೊಳಗೆ ಕೂರಿಸಿ ಬಿಗಿದು, ಮನೆಯ ಹಿರಿಯ ಲಗಾಮು ಹಿಡಿದು ನಡೆಸುತ್ತಾನೆ, ಹೆಂಗಸರು ಕರಿದ ಹಿಟ್ಟಿನ ಬೋರ್ಸೊಕ್, ಮಿಠಾಯಿ ಎರಚಿ ಹರಸುತ್ತಾರೆ. ಇವನಿಗೆ ಯಾರೂ ಅದನ್ನ ಸರಿಯಾಗಿ ಮಾಡಿಲ್ಲ, ಅದೇ ದೋಷ, ಈಗ ಮಾಡೋಣ ಅಂದರು ಅಜ್ಜ. ಮುದುಕ ತಮಾಷೆ ಮಾಡುತ್ತಿರಲಿಲ್ಲ. ತಮಾಷೆ ಮಾಡಿದ್ದರೆ ಶಾರ್ಶೆನ್ ಓಡಿಹೋಗಬಹುದಿತ್ತು.

ಮಕ್ಕಳ ತಡಿಯಲ್ಲಿ ಶಾರ್ಶೆನ್ನನ ಅರ್ಧ ಭಾಗವೂ ಹಿಡಿಸಲಿಲ್ಲ. ಬಡಗಿಯನ್ನು ಕರೆಸಿ ದೊಡ್ಡ ತಡಿಗೆ ಹಾರೆಯ ಕಾವುಗಳನ್ನು ಅಡ್ಡ ಕಟ್ಟಿದರು. ನಾಲ್ಕು ಜನ ಎತ್ತಿ ಕೂರಿಸಿದರು. ಗುಡಾರ ಬಿಗಿಯುವ ಉಣ್ಣೆಯ ಪಟ್ಟಿಯಿಂದ ಸೊಂಟಕ್ಕೆ, ತೊಡೆಗೆ ಸುತ್ತಿದರು. ಅಜ್ಜ ಲಗಾಮು ಹಿಡಿದರು. ಅರವತ್ತನಾಲ್ಕು ಮನೆಯ ಹೆಂಗಸರು ಸಾಲಾಗಿ ನಿಂತು ಬೋರ್ಸೊಕ್ ಎರಚಿದರು, ಒಳ್ಳೆ ಸವಾರನಾಗು, ತಂದೆಯ ಹೆಸರು ಉಳಿಸು ಅಂತ ಹರಸಿದರು. ಅಡ್ಡಕೋಲಿನ ನಡುವೆ ಕಣ್ಣು ಗಟ್ಟಿಯಾಗಿ ಮುಚ್ಚಿ ಕೂತ ಶಾರ್ಶೆನ್ನನ ಹಣೆಗೆ ಒಂದೊಂದು ಬೋರ್ಸೊಕ್ಕೂ ಕಲ್ಲಿನ ಹಾಗೆ ಬಡಿಯಿತು. ಬುರುಲ್ ಕೂಡ ಎರಚಿದಳು. ಅವಳು ಮಾತ್ರ ಅವನ ಮುಖ ನೋಡಲಿಲ್ಲ.

ಒಂದು ಹಗಲಿನ ದಾರಿ ಒಂದೂವರೆ ದಿನವಾಯಿತು. ಹೊಳೆ ದಾಟುವಾಗ ಅವನು ತನ್ನ ಏಳು ತಂದೆಯರ ಹೆಸರನ್ನು ಮಂತ್ರದ ಹಾಗೆ ಹೇಳುತ್ತಿದ್ದ, ಐದನೆಯವನನ್ನು ಎರಡು ಸಲ ಹೇಳಿದ. ಅಕ್-ಬುಲಾಕಿನಲ್ಲಿ ಪಟ್ಟಿ ಬಿಚ್ಚಿದರೆ ಕಾಲುಗಳು ಕುದುರೆಯ ಆಕಾರಕ್ಕೇ ನಿಂತುಬಿಟ್ಟಿದ್ದವು. ದಾರ್ಕಾನನೇ ಅವನನ್ನು ಹೊಸ ಮದುಮಗಳ ಹಾಗೆ ಎರಡು ತೋಳಿನಲ್ಲಿ ಎತ್ತಿ ನೀರಿನ ಅಂಚಿಗೆ ತಂದಿಟ್ಟ. ಕೆಲಸ ಮಾತ್ರ ಶಾರ್ಶೆನ್ ಸರಿಯಾಗಿ ಮಾಡಿದ. ನೀರು ಎಲ್ಲಿ ಜೋರು, ಎಲ್ಲಿ ಮೆತ್ತಗೆ, ಯಾವ ಕಲ್ಲಿನ ಬೆನ್ನಲ್ಲಿ ಹುಳು ಅವಿತಿರುತ್ತದೆ ಅನ್ನುವುದು ಅವನಿಗೆ ನಿಜವಾಗಿಯೂ ಗೊತ್ತಿತ್ತು. ಮಂಡಿಯವರೆಗಿನ ಹಿಮದ ನೀರಿನಲ್ಲಿ ನಿಂತು ಕಲ್ಲು ಕದಡಿದ. ಮರಳಿನ ಅಂಗಿ ತೊಟ್ಟ ಹುಳು, ಎರಡು ಬಾಲದ ಚಪ್ಪಟೆ ಹುಳು ಬಲೆಗೆ ಬಂದವು. ಮೀರಿಮ್ ಎಣಿಸಿ ಸೀಸೆಗೆ ಹಾಕಿದಳು. ಅವಳು ಲೋಕದ ಪಟ್ಟಿಯವರಿಗೆಲ್ಲ ತಪ್ಪೊಪ್ಪಿಗೆಯ ಕಾಗದ ಬರೆಯಬೇಕಿತ್ತು. ಆ ಮಾತನ್ನು ಅವನ ಮುಂದೆ ಆಡಲಿಲ್ಲ, ಅವನಿಗೇ ತಿಳಿಯಿತು.

ಕುಬಾತ್ ಸಾಹೇಬರು ತಿದ್ದುಪಡಿಯ ನಮೂನೆ ಕೊಟ್ಟರು. ಹೆಸರು, ಊರು, ಜಾಗ ಎಲ್ಲ ಬರೆದ. ಕೊನೆಯಲ್ಲಿ ಒಂದು ಪ್ರಶ್ನೆ: ಸಂಗ್ರಹಿಸಿದವರು ಸ್ಥಳಕ್ಕೆ ಹೇಗೆ ತಲುಪಿದರು? ಶಾರ್ಶೆನ್ನನ ಪೆನ್ನು ಅಲ್ಲಿಗೆ ನಿಂತಿತು. ಕುದುರೆಯ ಮೇಲೆ ಅಂತ ಬರೆದು ಬಿಡು, ಸುಳ್ಳೇನಲ್ಲ ಅಂದರು ಅಜ್ಜ, ಮೃದುವಾಗಿ. ಶಾರ್ಶೆನ್ ಬರೆದ: ಕುದುರೆಯ ಮೇಲೆ. ಆಮೇಲೆ ಮೀರಿಮ್‌ಳ ಕಡೆ ಒಮ್ಮೆ ನೋಡಿ ಇನ್ನೆರಡು ಪದ ಸೇರಿಸಿದ: ಕಟ್ಟಿ ಹಾಕಿದ್ದರು.

ಹದಿನೈದನೆಯ ದಿನ ಉತ್ತರ ಬಂತು. ಸೀಸೆಯ ಹುಳುಗಳೆಲ್ಲ ಹಿಮದ ನೀರಿನ ಕುಲದವೇ, ಬಯಲಿನವು ಒಂದೂ ಇಲ್ಲ, ಒರತೆ ಚೊಕ್ಕಟವಾಗಿದೆ. ನೋಟೀಸು ರದ್ದು. ನಿಯಮದ ಪ್ರಕಾರ ಆ ಆದೇಶವನ್ನೂ ಅದಕ್ಕೆ ಆಧಾರವಾದ ನಮೂನೆಯನ್ನೂ ಪಂಚಾಯಿತಿಯ ಹಲಗೆಯ ಮೇಲೆ ಮೂವತ್ತು ದಿನ ಹಚ್ಚಿಡಬೇಕಿತ್ತು. ಹಚ್ಚಿದರು.

ಮಂದೆ ಬೆಟ್ಟಕ್ಕೆ ಹೊರಟ ದಿನ ಪ್ರತಿ ಮನೆಯವರೂ ಹಲಗೆಯ ಮುಂದೆ ಕುದುರೆ ನಿಲ್ಲಿಸಿ, ಓದಿ, ಮುಂದೆ ಹೋದರು. ಶಾರ್ಶೆನ್ ಗುದ್ದಲಿ ಹೊತ್ತು, ಗೋಡೆಯ ಪಕ್ಕದಿಂದ, ತಲೆ ತಗ್ಗಿಸಿ ತೂಬಿನ ಕಡೆ ನುಸುಳುತ್ತಿದ್ದ. ಅಷ್ಟರಲ್ಲಿ ದಾರ್ಕಾನನ ತಾಯಿ ಕೂಗಿದಳು. ಎಂಬತ್ತು ದಾಟಿದ ಮುದುಕಿ, ಎರಡೂ ಕಣ್ಣಿಗೆ ಪೊರೆ, ಮಗನ ಬೂದು ಕುದುರೆಯ ಮೇಲೆ ರಾಣಿಯ ಹಾಗೆ ಕೂತಿದ್ದಳು.

"ಅಲ್ಲಿ ಹೋಗ್ತಿರೋನು ಯಾರಪ್ಪಾ? ಎಲ್ಲರೂ ಅದೇನೋ ಓದ್ತಾರೆ, ನಂಗ್ಯಾರೂ ಹೇಳಲ್ಲ. ಸ್ವಲ್ಪ ಓದಿ ಹೇಳು ಮಗಾ, ಗಟ್ಟಿಯಾಗಿ. ಕಿವೀನೂ ಮಂದ."

ಹಿಂದೆ ಮೂವತ್ತು ಕುದುರೆ ನಿಂತಿದ್ದವು. ಶಾರ್ಶೆನ್ ಗುದ್ದಲಿಯನ್ನು ಗೋಡೆಗೆ ಒರಗಿಸಿದ. ಹಲಗೆಯ ಹತ್ತಿರ ಹೋಗಿ ಆದೇಶವನ್ನು ಓದಿದ, ನಮೂನೆಯನ್ನು ಓದಿದ, ಕೊನೆಯ ಸಾಲನ್ನೂ ಗಟ್ಟಿಯಾಗಿ ಓದಿದ.

"ಕಟ್ಟಿ ಹಾಕಿದ್ರಾ?" ಅಂದಳು ಮುದುಕಿ. "ಯಾರನ್ನ?"

"ನನ್ನನ್ನೇ, ಅಮ್ಮಾ," ಅಂದ ಶಾರ್ಶೆನ್.

ಅವಳಿಗೆ ಸರಿಯಾಗಿ ಕೇಳಿಸಲಿಲ್ಲ. ಇನ್ನೂ ಗಟ್ಟಿಯಾಗಿ ಹೇಳು ಅಂದಳು.